ಶೇಕಡಾ 73: ಯಾರ ಅಭಿಪ್ರಾಯ?



ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆ ಕಟ್ಟುವ ಯೋಜನೆ 2016ರಲ್ಲಿ ದೊಡ್ಡ ವಿವಾದವಾಯಿತು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಲಿದ್ದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಬಂದ 299 ಉತ್ತರಗಳಲ್ಲಿ ಶೇಕಡಾ 73 ಸೇತುವೆಯ ಪರವಾಗಿವೆ ಎಂದು ಹೇಳಿತು. ಇಷ್ಟು ದೊಡ್ಡ ಊರಿಗೆ ಬರೀ 299 ಜನರೇ ಎಂಬ ಆಕ್ಷೇಪ ಎದ್ದಿತು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು.

ಊರಿನ ಜನ ಪರ-ವಿರೋಧಗಳಲ್ಲಿ ಸರಿಯಾಗಿ ಅರ್ಧರ್ಧ ಇದ್ದಾರೆಂದು ಇಟ್ಟುಕೊಳ್ಳಿ. ಆಗ ಒಬ್ಬೊಬ್ಬರ ಉತ್ತರವೂ ಒಂದೊಂದು ನಾಣ್ಯದ ಚಿಮ್ಮುವಿಕೆಯಂತೆ. ಹತ್ತು ಮಂದಿಯ ಉತ್ತರಗಳು 1024 ಬಗೆಯಲ್ಲಿ ಬರಬಹುದು. ಅವುಗಳಲ್ಲಿ ಏಳು ಅಥವಾ ಹೆಚ್ಚು ‘ಹೌದು’ ಇರುವವು 176, ಅಂದರೆ ನೂರಕ್ಕೆ ಹದಿನೇಳು. ಹೀಗಾಗಿ ಹತ್ತರಲ್ಲಿ ಏಳು ಬಂದರೆ ಅದು ಬರೀ ಆಕಸ್ಮಿಕವೂ ಆಗಿರಬಹುದು. ಇದೇ ದ್ವಿಪದ ಸಂಭವನೀಯತೆ. ಹತ್ತು ಅಕ್ಷರಗಳಲ್ಲಿ ಲಘು-ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಛಂದಶ್ಶಾಸ್ತ್ರದ ಲೆಕ್ಕವೂ ಇದೇ. ಹತ್ತನೆಯ ಶತಮಾನದ ಹಲಾಯುಧ ವಿವರಿಸಿದ ಮೇರು ಪ್ರಸ್ತಾರದಲ್ಲಿ ಈ ಸಂಖ್ಯೆಗಳೇ ಸಿಗುತ್ತವೆ. ಯೂರೋಪಿನಲ್ಲಿ ಇದನ್ನು ಸಂಭವನೀಯತೆಯ ಶಾಸ್ತ್ರವಾಗಿ ಬೆಳೆಸಿದ ಯಾಕೋಬ್ ಬರ್ನೂಲಿಯ ಗ್ರಂಥ 1713ರಲ್ಲಿ ಪ್ರಕಟವಾಯಿತು.

ಈಗ 299ಕ್ಕೆ ಬನ್ನಿ. ಅರ್ಧರ್ಧವಾಗಿದ್ದರೆ ಸುಮಾರು 150 ‘ಹೌದು’ ಬರಬೇಕು. ಆಕಸ್ಮಿಕದ ಏರಿಳಿತವೆಂದರೆ 299ರ ವರ್ಗಮೂಲದ ಅರ್ಧ, ಅಂದರೆ ಎಂಟೂವರೆ ಚಿಲ್ಲರೆ. ನೂರಕ್ಕೆ ತೊಂಬತ್ತೈದು ಸಲ ‘ಹೌದು’ಗಳು 132ರಿಂದ 167ರೊಳಗೇ ಇರುತ್ತವೆ. ಶೇಕಡಾ 73 ಎಂದರೆ 218. ಅದು ಆಕಸ್ಮಿಕವಾಗಿ ಬರುವ ಸಂಭವ ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಹಾಗಾಗಿ 299 ಸಣ್ಣ ಸಂಖ್ಯೆ ಎಂಬ ಆಕ್ಷೇಪ ಇಲ್ಲಿ ನಿಲ್ಲದು.

ಹಾಗಾದರೆ ಊರು ಸೇತುವೆಯನ್ನು ಬಯಸಿತ್ತೇ? ಈ ಲೆಕ್ಕ ಅಷ್ಟನ್ನು ಹೇಳುವುದಿಲ್ಲ. ಅದಕ್ಕೆ ಎರಡು ಷರತ್ತುಗಳಿವೆ. ಆಯ್ಕೆಯಾಗುವ ಅವಕಾಶ ಎಲ್ಲರಿಗೂ ಸಮನಾಗಿರಬೇಕು. ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಅಂಟಿಕೊಂಡಿರಬಾರದು. ಇಲ್ಲಿ ಉತ್ತರಿಸಿದವರು ತಾವಾಗಿಯೇ ಬರೆದವರು. ಹೆಬ್ಬಾಳದ ವಾಹನದಟ್ಟಣೆಯಲ್ಲಿ ದಿನವೂ ಸಿಲುಕುವ ಯಲಹಂಕದವರಿಗೆ ಬರೆಯುವ ಆತುರ ಹೆಚ್ಚು. ಯಶವಂತಪುರದಲ್ಲೇ ಮನೆ, ಕೆಲಸ ಎರಡೂ ಇರುವವರಿಗೆ ಕಡಿಮೆ. ಇನ್ನೊಂದು ಕಡೆಗೂ ಇದೇ ಮಾತು. 2016ರ ಅಕ್ಟೋಬರ್ 16ರಂದು ಸೇತುವೆ ಬೇಡವೆಂದು ಸಾವಿರಾರು ಜನ ಮಾನವ ಸರಪಳಿಯಾಗಿ ನಿಂತರು. ಅದು ಪ್ರತಿಭಟನೆಯ ಬಲವನ್ನು ತೋರಿಸಿತು, ಊರಿನ ಶೇಕಡಾವಾರನ್ನಲ್ಲ.

1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಅಧ್ಯಕ್ಷರಾಗುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ.

ಉಕ್ಕಿನ ಸೇತುವೆಯ ಯೋಜನೆಯನ್ನು ಸರ್ಕಾರ 2017ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಊರಿನ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಇದೇ 299 ಮಂದಿಯನ್ನು ಆರಿಸಿ ಎಲ್ಲರನ್ನೂ ಕೇಳಿದ್ದರೆ, ಶೇಕಡಾ ಐದಾರರ ಹೆಚ್ಚುಕಡಿಮೆಯಲ್ಲಿ ಊರಿನ ಮನಸ್ಸು ತಿಳಿಯುತ್ತಿತ್ತು. ಮುಂದೆ ಯಾರಾದರೂ ಶೇಕಡಾವಾರು ಹೇಳಿದಾಗ ‘ಎಷ್ಟು ಜನ?’ ಎಂದು ಕೇಳಿ. ಅದಕ್ಕೂ ಮೊದಲು ‘ಅವರನ್ನು ಆರಿಸಿದ್ದು ಹೇಗೆ?’ ಎಂದು ಕೇಳಿ.