ಗರ ಬೀಳುವ ಲೆಕ್ಕ

ಚೌಕಾಬಾರ ಬಲ್ಲವರಿಗೆ ನಾನು ಆಟ ಹೇಳಿಕೊಡಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಸುತ್ತ ಕುಳಿತ ನಾಲ್ಕು ಜನ. ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಇಷ್ಟು ಸಾಕು. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಇವೆರಡು ಬಿದ್ದವರಿಗೆ ಮತ್ತೊಮ್ಮೆ ಎಸೆಯುವ ಹಕ್ಕುಂಟು.

ದೊಡ್ಡಬಳ್ಳಾಪುರದಲ್ಲಿ ನಮಗೆ ಬೇಕಾದವರ ಮನೆಯೊಂದಿದೆ. ಮಗ್ಗದ ಸದ್ದಿನಲ್ಲಿಯೇ ಬೆಳೆದ ಅಲ್ಲಿನ ಹುಡುಗ ಈಗ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾನೆ. ಅವನ ಅಜ್ಜಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರುವಂತಿಲ್ಲ. ಆದ್ದರಿಂದ ಚೌಕಾಬಾರವೂ ಇಲ್ಲ. ಹುಡುಗ ತಾನು ಕಲಿತ ಅಷ್ಟಿಷ್ಟು ವಿದ್ಯೆಯಿಂದ ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅಜ್ಜಿಯ ಮುಂದೆ ಮೇಜಿನ ಮೇಲೆ ತಂದಿಟ್ಟ.

ಮೊದಲ ದಿನ ಅಜ್ಜಿಗೆ ಸಂಭ್ರಮವೋ ಸಂಭ್ರಮ. ಮೂರನೆಯ ದಿನ ಹುಡುಗ ಗುಂಡಿ ಒತ್ತುವ ಮೊದಲೇ, "ಈಗ ಮೂರು, ಆಮೇಲೆ ಒಂದು, ಆಮೇಲೆ ಬಾರ" ಎಂದರು. ಹಾಗೆಯೇ ಬಿತ್ತು! "ನಿನ್ನ ಪೆಟ್ಟಿಗೆ ಬಾಯಿಪಾಠ ಮಾಡ್ಕೊಂಡೈತೆ ಕಣ್ಲಾ" ಎಂದು ಅಜ್ಜಿ ಎದ್ದೇಬಿಟ್ಟರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಕಂಪ್ಯೂಟರಿಗೆ ಲೆಕ್ಕ ಗೊತ್ತು, ಲಹರಿ ಗೊತ್ತಿಲ್ಲ. ಮನಬಂದಂತೆ ಒಂದು ಸಂಖ್ಯೆ ಹೇಳೆಂದರೆ ಅದು ಒಳಗೊಳಗೇ ಲೆಕ್ಕ ಮಾಡಿಯೇ ಹೇಳಬೇಕು. ಜಾನ್ ಫಾನ್ ನಾಯ್ಮನ್ ಎಂಬ ಮಹಾ ಗಣಿತಜ್ಞರು 1940ರ ದಶಕದಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, 5232 ಎನ್ನೋಣ. ಅದನ್ನು ಅದರಿಂದಲೇ ಗುಣಿಸಿದರೆ 27373824. ನಡುವಿನ ನಾಲ್ಕು ಅಂಕಿ, 3738, ನಿಮ್ಮ ಮುಂದಿನ ಸಂಖ್ಯೆ. ಅದನ್ನೂ ಹಾಗೆಯೇ ಗುಣಿಸಿದರೆ ನಡುವೆ ಸಿಕ್ಕುವುದು 9726. ನೋಡಿದವರಿಗೆ ತಲೆಬುಡ ತಿಳಿಯದು. ಆದರೆ 3792ರಿಂದ ಹೊರಟು ನೋಡಿ: ಗುಣಲಬ್ಧ 14379264, ನಡುವೆ ಮತ್ತೆ ಅದೇ 3792! ಗಾಣದ ಎತ್ತು. ಆಮೇಲೆ ಬಂದ ವಿಧಾನಗಳು ಇದಕ್ಕಿಂತ ಬಹಳ ಉತ್ತಮ. ಆದರೂ ಒಂದೇ ಮೊದಲ ಸಂಖ್ಯೆಯಿಂದ ಹೊರಟರೆ ಒಂದೇ ಸಾಲು ಬರುತ್ತದೆಂಬ ಮಾತು ಅವಕ್ಕೂ ತಪ್ಪಿದ್ದಲ್ಲ. ಆ ಮೊದಲ ಸಂಖ್ಯೆಗೆ ಬೀಜವೆಂದು ಹೆಸರು. ಹುಡುಗ ಆಟ ಬರೆದದ್ದು ಸಿ ಭಾಷೆಯಲ್ಲಿ. ಅದರಲ್ಲಿ ನಾವು ಬೀಜ ಕೊಡದೆ ಹೋದರೆ ಅದು ಪ್ರತಿಸಲವೂ 1 ಎಂಬ ಬೀಜವನ್ನೇ ಬಿತ್ತಿಕೊಳ್ಳುತ್ತದೆ. ಅದೇ ಬೀಜ, ಅದೇ ಬೆಳೆ. ಆಟ ತೆರೆದ ಗಳಿಗೆಯನ್ನು ಗಡಿಯಾರದಿಂದ ತೆಗೆದು ಬೀಜವಾಗಿ ಕೊಡುವಂತೆ ಹುಡುಗ ಒಂದು ಸಾಲು ಸೇರಿಸಿದ. ಬಾಯಿಪಾಠ ನಿಂತಿತು. (ಮನೆಯ ಆಟಕ್ಕೆ ಇಷ್ಟು ಸಾಕು. ಬ್ಯಾಂಕಿನ ಗುಟ್ಟಿಗೆ ಸಾಲದು. ಗಡಿಯಾರವನ್ನು ಕಳ್ಳನೂ ನೋಡಬಲ್ಲ.)

ಅಜ್ಜಿ ಮತ್ತೆ ಕುಳಿತರು. ಎರಡು ಆಟ ಮುಗಿಯುವುದರೊಳಗೆ ಇನ್ನೊಂದು ತಕರಾರು. "ಏನ್ಲಾ, ಚೌಕ ಬಾರ ಅನ್ನೋವು ಇಷ್ಟು ಅಗ್ಗ ಆಗೋದ್ವಾ?"

ಹುಡುಗನಿಗೆ ಸಿಟ್ಟು ಬಂತು. ಒಂದು, ಎರಡು, ಮೂರು, ನಾಲ್ಕು, ಎಂಟು, ಐದಕ್ಕೂ ಸಮಪಾಲು ಕೊಟ್ಟಿದ್ದೇನೆ, ಇದಕ್ಕಿಂತ ನ್ಯಾಯ ಇನ್ನಾವುದು ಎಂದು ನನ್ನ ಹತ್ತಿರ ದೂರು ತಂದ. ತಪ್ಪು ಇದ್ದುದೇ ಆ ಸಮಪಾಲಿನಲ್ಲಿ. ಒಂದೊಂದು ಕವಡೆಯೂ ಎರಡು ಬಗೆಯಲ್ಲಿ ಬೀಳಬಹುದಾದ್ದರಿಂದ ನಾಲ್ಕು ಕವಡೆಗೆ ಒಟ್ಟು ಹದಿನಾರು ಬಗೆ. ಎರಡು ಬೀಳಲು ಅದರಲ್ಲಿ ಆರು ದಾರಿ. ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. 160 ಸಲ ಎಸೆದರೆ ಚೌಕ, ಬಾರ ಎರಡೂ ಸೇರಿ ಸುಮಾರು ಇಪ್ಪತ್ತು ಸಲ ಬೀಳಬೇಕಾದದ್ದು, ಅವನ ಲೆಕ್ಕದಲ್ಲಿ ಅರವತ್ತನಾಲ್ಕು ಸಲ ಬೀಳುತ್ತಿತ್ತು. ಹದಿನಾರರ ಲೆಕ್ಕವನ್ನು ಅಜ್ಜಿ ಎಂದೂ ಮಾಡಿದವರಲ್ಲ. ಅರವತ್ತು ವರ್ಷ ಕವಡೆ ಎಸೆದ ಕೈಗೆ ಅದು ಗೊತ್ತಿತ್ತು. ಯಾದೃಚ್ಛಿಕ ಸಂಖ್ಯೆ ಎಂದರೆ ಎಲ್ಲಕ್ಕೂ ಸಮಪಾಲು ಎಂದು ಭಾವಿಸುವುದು ಕಲಿಯುವವರೆಲ್ಲರೂ ಬೀಳುವ ಹಳ್ಳ, ನಾನೂ ಬಿದ್ದವನೇ.

ಗರವನ್ನು ಆರಿಸಬೇಡ, ಒಳಗೆ ನಾಲ್ಕು ಕವಡೆಯನ್ನು ಬೇರೆಬೇರೆಯಾಗಿಯೇ ಎಸೆದು ಅಂಗಾತ ಬಿದ್ದದ್ದನ್ನು ಎಣಿಸು ಎಂದೆ. ಹಾಗೆಯೇ ತಿದ್ದಿದ.

ಅಜ್ಜಿ ಈಗ ಆಡುತ್ತಾರೆ. ಆದರೆ ಹುಡುಗನಿಗೆ ಹೊಸ ಹುಳ ಹೊಕ್ಕಿದೆ. ಕವಡೆ ನಾಣ್ಯವಲ್ಲವಲ್ಲ, ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಬಗೆಯಲ್ಲೂ ಸಮನಾಗಿ ಬೀಳುತ್ತದೆಂದು ಯಾರು ಹೇಳಿದರು? ಮೊನ್ನೆ ನಾನು ಹೋದಾಗ ಅವನು ಅಜ್ಜಿಯ ಹಳೆಯ ಡಬ್ಬಿ ತೆರೆದು, ಕವಡೆಗಳನ್ನು ಒಂದೊಂದಾಗಿ ಎಸೆದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದ. ಅಜ್ಜಿ ಕುರ್ಚಿಯಿಂದಲೇ ಬಗ್ಗಿ ನೋಡಿ, "ಆ ಮೂಲೆ ಒಡೆದಿರೋದನ್ನ ಬಿಡ್ಲಾ, ಅದು ಯಾವತ್ತೂ ಬೋರಲೇ" ಎಂದರು.