ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಅರಸೀಕೆರೆಯಿಂದ ಮಾತಾಡ್ತಿದೀನಿ. ನನ್ನ ಕಸುಬು ಲೆಕ್ಕ ಬರೆಯೋದು. ಕೊಬ್ಬರಿ ವ್ಯಾಪಾರಿಗಳು, ಸಣ್ಣ ಅಂಗಡಿಯವರು, ಅವರ ಜಿಎಸ್‌ಟಿ, ಆದಾಯ ತೆರಿಗೆ, ಇಷ್ಟೇ ನನ್ನ ಪ್ರಪಂಚ ಆಗಿತ್ತು. ಆಮೇಲೆ ಒಂದು ಅವಧಿಗೆ ನಗರಸಭೆಯ ನಾಮನಿರ್ದೇಶಿತ ಸದಸ್ಯನಾದೆ.

ಹಾಗಂದ್ರೆ ಏನು? ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಪ್ರಕಾರ ಪುರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರೋರನ್ನ ಚುನಾವಣೆ ಇಲ್ಲದೆ ಸಭೆಗೆ ಸೇರಿಸ್ಕೊಬಹುದು. ಅವರು ಕೂರಬಹುದು, ಮಾತಾಡಬಹುದು. ಮತ ಹಾಕೋ ಹಾಗಿಲ್ಲ. ಸ್ನೇಹಿತರು ನಕ್ಕರು: "ಆಟಕ್ಕುಂಟು, ಲೆಕ್ಕಕ್ಕಿಲ್ಲ!" ನಾನಂದೆ, "ನಾನು ಹೋಗ್ತಿರೋದೇ ಲೆಕ್ಕಕ್ಕೆ."

ಊರಿನ ಲೆಕ್ಕಾನ ಓದೋದು ಹೇಗೆ ಅಂತ ಒಂದು ಉದಾಹರಣೆ ಹೇಳ್ತೀನಿ. ಒಂದು ಊರಿನ ಖಾತೇಲಿ 10 ಲಕ್ಷ ಇದೆ ಅಂದ್ಕೊಳ್ಳಿ. ನಗದು ಪುಸ್ತಕ ನೋಡಿದ್ರೆ ಊರು ಶ್ರೀಮಂತ. ಆದರೆ ನೀರು ಎತ್ತೋ ಪಂಪು, ಬೀದಿದೀಪ, ಇವುಗಳ ಕರೆಂಟ್ ಬಿಲ್ 15 ಲಕ್ಷ ಬಾಕಿ ಇದ್ರೆ? ಆ ಪುಸ್ತಕದಲ್ಲಿ ಅದು ಕಾಣಲ್ಲ. ಇದಕ್ಕೇ ಕರ್ನಾಟಕದಲ್ಲಿ 2006ರ ಪುರಸಭೆ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜೋಡಿ ನಮೂದು ಪದ್ಧತಿ ತಂದವು. ಕೈಗೆ ಬಂದಿದ್ದಷ್ಟೇ ಅಲ್ಲ, ಬರಬೇಕಾದ್ದು, ಕೊಡಬೇಕಾದ್ದು ಎಲ್ಲಾನೂ ಬರೀಬೇಕು. ಹಾಗಾಗಿ ಪ್ರತಿ ಸಭೇಲೂ ನಾನು ಕೇಳ್ತಿದ್ದದ್ದು ಎರಡೇ ಪ್ರಶ್ನೆ: ಯಾರಿಗೆ ಎಷ್ಟು ಕೊಡಬೇಕು? ಯಾರಿಂದ ಎಷ್ಟು ಬರಬೇಕು?

ಎರಡನೇ ಪ್ರಶ್ನೆ ನನ್ನ ಬುಡಕ್ಕೇ ಬಂತು. ಆಸ್ತಿ ತೆರಿಗೆ ಬಾಕಿದಾರರ ಪಟ್ಟಿ ಸಭೆ ಮುಂದೆ ಬರಬೇಕಿತ್ತು. ಹಿಂದಿನ ಸಂಜೆ ಒಬ್ಬರು ಹಳೇ ಕಕ್ಷಿದಾರರು ಫೋನ್ ಮಾಡಿದ್ರು. "ಸ್ವಲ್ಪ ನೋಡ್ಕೊಳ್ಳಿ" ಅಂದ್ರು. ಅಷ್ಟೇ ಮಾತು. ಅರ್ಥ ನಿಮಗೂ ಗೊತ್ತು.

ಮಾರನೇ ದಿನ ಸಭೇಲಿ ಎದ್ದು ಹೇಳಿದೆ: "ಈ ಪಟ್ಟೀಲಿ ನನ್ನ ಕಕ್ಷಿದಾರರಿದ್ದಾರೆ. ಅವರ ವಿಷಯ ಬಂದಾಗ ನಾನು ಹೊರಗಿರ್ತೀನಿ. ಆದರೆ ಪಟ್ಟೀನ ಪೂರ್ತಿ ಓದಿ, ಒಂದು ಹೆಸರೂ ಬಿಡಬೇಡಿ." ಓದಿದ್ರು. ಆ ವಾರವೇ ಅವರು ತಮ್ಮ ಫೈಲು ತಗೊಂಡು ಹೋದ್ರು. ಹದಿನೈದು ವರ್ಷದ ಒಡನಾಟ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದರೆ ಆ ಬಾಕೀಲಿ ಪೌರಕಾರ್ಮಿಕರ ಗ್ಲೌಸ್ ಇದೆ, ಯಾವುದೋ ಬೀದಿಯ ಚರಂಡಿ ಇದೆ. ಒಬ್ಬರ ಮುಲಾಜಿಗೆ ಅದನ್ನ ಬಿಟ್ಟುಕೊಡೋಕೆ ಅದೇನು ನನ್ನ ಸ್ವಂತ ದುಡ್ಡಾ?

ಮತ ಇಲ್ಲದೋನು ಏನು ಮಾಡೋಕಾಗುತ್ತೆ ಅಂತ ಕೇಳ್ತಾರೆ. ಒಂದು ಪ್ರಶ್ನೆ ಗಟ್ಟಿಯಾಗಿ ಕೇಳಿದ್ರೆ, ಅದು ನಡಾವಳಿ ಪುಸ್ತಕ ಸೇರಿದ್ರೆ, ಮುಂದಿನ ಸಭೇಲಿ ಅದಕ್ಕೆ ಉತ್ತರ ಬೇಕಾಗುತ್ತೆ. ಅಷ್ಟು ಶಕ್ತಿ ಮಾತಿಗೂ ಇದೆ.

ಈಗ ನಿಮ್ಮ ವಿಷಯ. ಪ್ರಶ್ನೆ ಕೇಳೋಕೆ ನೀವು ಸದಸ್ಯರಾಗಬೇಕಿಲ್ಲ, ಅಕೌಂಟೆಂಟೂ ಆಗಬೇಕಿಲ್ಲ. ನಿಮ್ಮೂರಿನ ಬಜೆಟ್ ಸಾರ್ವಜನಿಕ ದಾಖಲೆ. ಸಿಗಲಿಲ್ಲ ಅಂದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಇಡೀ ಪುಸ್ತಕ ಓದೋದು ಬೇಡ. ನಿಮ್ಮ ವಾರ್ಡಿನ ಒಂದು ಕಾಮಗಾರಿ ಆರಿಸ್ಕೊಳ್ಳಿ. ಎಷ್ಟು ಇಟ್ಟಿದ್ರು, ಎಷ್ಟು ಖರ್ಚಾಯ್ತು ನೋಡಿ. ಆಮೇಲೆ ಮೊಬೈಲು ಜೇಬಿಗೆ ಹಾಕ್ಕೊಂಡು ಆ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ. ಕಾಗದದಲ್ಲಿರೋ ಚರಂಡಿ ನೆಲದ ಮೇಲೂ ಇದೆಯಾ ಅಂತ ಕಣ್ಣಾರೆ ನೋಡಿ. ಲೆಕ್ಕ ತಪಾಸಣೆ ಅಂದ್ರೆ ಮೂಲತಃ ಇಷ್ಟೇ.