ಹಲಗೆಗೆ ಬರುವ ಮುನ್ನವೇ ನಡೆದ ಯುದ್ಧ

ದೊಡ್ಡ ಆಟಗಾರರು ಚದುರಂಗದ ಮೊದಲ ಹತ್ತು ಹನ್ನೆರಡು ನಡೆಗಳನ್ನು ಹಲಗೆಯ ಮುಂದೆ ಕುಳಿತು ಹುಡುಕುವುದಿಲ್ಲ. ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಕೆಲವು ಆರಂಭಗಳು ಸಾಧು. ಒಂದು ನಡೆ ತಪ್ಪಿದರೂ ಸುಧಾರಿಸಿಕೊಳ್ಳಬಹುದು. ಇನ್ನು ಕೆಲವು ಕತ್ತಿಯ ಅಲಗಿನ ಮೇಲಿನ ನಡಿಗೆ. ಅಂಥಲ್ಲಿ ಗೆಲ್ಲುವುದು ಪ್ರತಿಭೆಯೋ, ಮನೆಯ ಸಿದ್ಧತೆಯೋ? 1995ರಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾರಿ ಕಾಸ್ಪರೋವ್ ಮತ್ತು ನಮ್ಮ ವಿಶ್ವನಾಥನ್ ಆನಂದ್ ಆಡಿದ ಒಂದು ಆಟ ಇದಕ್ಕೆ ಉತ್ತರ ಹೇಳುತ್ತದೆ.

ಅದು ವೃತ್ತಿಪರ ಚೆಸ್ ಸಂಘದ ವಿಶ್ವ ಚಾಂಪಿಯನ್‌ಷಿಪ್. ವರ್ಲ್ಡ್ ಟ್ರೇಡ್ ಸೆಂಟರಿನ 107ನೆಯ ಮಹಡಿಯಲ್ಲಿ ಹಲಗೆ ಹಾಕಿತ್ತು. ಮೊದಲ ಎಂಟು ಆಟಗಳೂ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದರು. ಭಾರತದಲ್ಲಿ ಆಸೆ ಚಿಗುರಿದ್ದು ಸಹಜವೇ.

ಹತ್ತನೆಯದರಲ್ಲಿ ಕಪ್ಪು ಕಾಯಿ ಹಿಡಿದ ಆನಂದ್, ಹದಿನಾರನೆಯ ಶತಮಾನದ ಸ್ಪೇನಿನ ಪಾದ್ರಿ ರೂಯ್ ಲೋಪೆಜ್‌ನ ಹೆಸರಿನ ಆರಂಭದಲ್ಲಿ 'ಮುಕ್ತ' ದಾರಿ ಹಿಡಿದರು. ಆರನೆಯ ಆಟದಲ್ಲಿ ಇದೇ ದಾರಿ ಅವರಿಗೆ ಡ್ರಾ ತಂದುಕೊಟ್ಟಿತ್ತು. ಹನ್ನೊಂದನೆಯ ನಡೆಯಲ್ಲಿ ಬಿಳಿಯ ಕುದುರೆ ಕಪ್ಪು ರಾಣಿಯ ಬಾಯಿಗೇ ನೆಗೆಯುತ್ತದೆ. 1978ರಲ್ಲಿ ಬಾಗಿಯೊದಲ್ಲಿ ಕಾರ್ಪೋವ್ ಈ ನಡೆಯಿಂದ ಕೋರ್ಚ್‌ನೊಯ್‌ರನ್ನು ಬೆಚ್ಚಿಸಿದ್ದರು. ಕೋರ್ಚ್‌ನೊಯ್ ಆ ಕುದುರೆಯನ್ನು ಮುಟ್ಟಲಿಲ್ಲ. ಆನಂದ್ ಕೂಡ ಮುಟ್ಟಲಿಲ್ಲ.

ಹೊಸದು ಬಂದದ್ದು ಹದಿನಾಲ್ಕರಲ್ಲಿ. ಆರನೆಯ ಆಟದಲ್ಲಿ ಇದೇ ಜಾಗದಲ್ಲಿ ಕುದುರೆ ನಡೆಸಿದ್ದ ಕಾಸ್ಪರೋವ್ ಈ ಸಲ ಒಂಟೆಯನ್ನು ಒಂದು ಮನೆ ಹಿಂದಕ್ಕೆಳೆದು ಕಪ್ಪು ರಾಣಿಯನ್ನು ಕೆಣಕಿದರು. ರಾಣಿ ಕಾಲಾಳನ್ನು ತಿಂದಿತು. ಮರುನಡೆಯಲ್ಲಿ ಕುದುರೆಯನ್ನು ಪಕ್ಕಕ್ಕೆ ಹಾರಿಸಿ, ಮೂಲೆಯ ಆನೆಯನ್ನೇ 'ತಗೋ' ಎಂದು ಬಿಟ್ಟುಕೊಟ್ಟರು! ಮಿಂಚಿನ ವೇಗಕ್ಕೆ ಹೆಸರಾದ ಆನಂದ್ ಈಗ ಗಡಿಯಾರ ಓಡುತ್ತಿದ್ದಂತೆ ಯೋಚಿಸುತ್ತ ಕುಳಿತರು. ಅವರು ಹುಡುಕುತ್ತಿದ್ದರು, ಎದುರಿಗಿದ್ದವರು ಮನೆಯಲ್ಲಿ ಲೆಕ್ಕ ಹಾಕಿದ್ದನ್ನು ನೆನಪಿಸಿಕೊಳ್ಳುತ್ತಿದ್ದರು. ಇದು ಸಮಬಲದ ಕಾಳಗವಲ್ಲ ನೋಡಿ.

ಆನಂದ್ ಆನೆಯನ್ನು ಹೊಡೆದರು. ಆದರೆ ಕೋಟೆ ಕಟ್ಟಿಕೊಳ್ಳದ ಕಪ್ಪು ರಾಜ ಬಯಲಲ್ಲೇ ನಿಂತಿದ್ದ. ಅವನನ್ನು ಕಾಯಬೇಕಾದ ಒಂಟೆ, ಆನೆ ಇನ್ನೂ ಹುಟ್ಟಿದ ಮನೆ ಬಿಟ್ಟಿರಲಿಲ್ಲ. ಬಿಳಿಯ ಒಂಟೆಗಳೆರಡೂ ಒಳನುಗ್ಗಿದವು. ಇಪ್ಪತ್ತೊಂದನೆಯ ನಡೆಗೆ ಕೊಟ್ಟ ಆನೆಯ ಬದಲಿಗೆ ಎದುರಾಳಿಯ ಆನೆ ಉರುಳಿತು. ರಾಣಿಯರು ಪರಸ್ಪರ ಕಡಿದುಕೊಂಡ ಮೇಲೆ ಬಿಳಿಗೆ ಉಳಿದದ್ದು ಒಂದೇ ಕಾಲಾಳಿನ ಹೆಚ್ಚಳ, ಜೊತೆಗೆ ಕುದುರೆಗಿಂತ ಚುರುಕಾದ ಒಂಟೆ. ಅಷ್ಟು ಸಾಕಾಯಿತು. 38ನೆಯ ನಡೆಗೆ ಆನಂದ್ ಸೋಲೊಪ್ಪಿದರು.

ಈ ಏಟು ಒಂದು ಆಟಕ್ಕೆ ನಿಲ್ಲಲಿಲ್ಲ. 11, 13 ಮತ್ತು 14ನೆಯ ಆಟಗಳೂ ಕಾಸ್ಪರೋವ್ ಪಾಲಾದವು. ಇಪ್ಪತ್ತು ಆಟಗಳ ಪಂದ್ಯ ಹದಿನೆಂಟಕ್ಕೇ ಮುಗಿಯಿತು: ಹತ್ತೂವರೆ ಅಂಕ ಕಾಸ್ಪರೋವ್‌ಗೆ, ಏಳೂವರೆ ಆನಂದ್‌ಗೆ.